ಕಾಲುಬಾಯಿ ರೋಗ ಹರಡಿರುವಾಗ ಬ್ರಿಟನ್ನಿನ ಬೆಟ್ಟ ಹತ್ತುವವರಿಗೆ

ಬ್ರಿಟನ್ನಿನ ಬೆಟ್ಟಗಳಲ್ಲಿ ಕಾಡು ಕಡಿಮೆ, ಕುರಿ ಜಾಸ್ತಿ. ಲೇಕ್ ಡಿಸ್ಟ್ರಿಕ್ಟ್ ಇರಲಿ, ಯಾರ್ಕ್‌ಷೈರ್ ಡೇಲ್ಸ್ ಇರಲಿ, ವೇಲ್ಸಿನ ಸ್ನೋಡೋನಿಯಾ ಇರಲಿ, ಕಾಲುದಾರಿ ಸೀದಾ ಬೆಟ್ಟಕ್ಕೆ ಹೋಗುವುದಿಲ್ಲ. ಮೊದಲು ಯಾರದೋ ಹುಲ್ಲುಗಾವಲಿನ ಅಂಚು ಹಿಡಿದು, ಎಷ್ಟೋ ಕಡೆ ಕೊಟ್ಟಿಗೆಯ ಅಂಗಳವನ್ನೇ ದಾಟಿ, ಆಮೇಲೆ ಮೇಲೇರುತ್ತದೆ. ಹಾಗಾಗಿ ದನ ಕುರಿಗಳಿಗೆ ಕಾಲುಬಾಯಿ ರೋಗ ಬಂತೆಂದರೆ ಅದು ರೈತರಷ್ಟೇ ತಲೆಕೆಡಿಸಿಕೊಳ್ಳುವ ಸಂಗತಿಯಾಗಿ ಉಳಿಯುವುದಿಲ್ಲ. ಚಾರಣಕ್ಕೆ ಹೊರಟವರು ಮನೆಯಲ್ಲೇ ಕೂರಬೇಕೆಂದೂ ಇಲ್ಲ, ಎಂದಿನಂತೆ ಹೋಗಬಹುದೆಂದೂ ಇಲ್ಲ. ನೆನಪಿಡಬೇಕಾದ್ದು ಒಂದೇ: ಒಂದು ಕಣಿವೆಯ ಮಣ್ಣು ನಿಮ್ಮ ಬೂಟಿನಲ್ಲೋ ಕಾರಿನ ಚಕ್ರದಲ್ಲೋ ಇನ್ನೊಂದು ಕಣಿವೆಗೆ ಹೋಗಬಾರದು. ಕೆಳಗೆ ಹೇಳಿರುವುದರಲ್ಲಿ ಬಹುಪಾಲು ಅದನ್ನು ಸಾಧಿಸುವ ಬಗೆ.

2001ರಲ್ಲಿ ಏನಾಯಿತು, ಈಗ ನಿಯಮ ಏಕೆ ಬೇರೆ

2001ರ ಫೆಬ್ರವರಿ 20ರಂದು ಎಸೆಕ್ಸ್‌ನ ಒಂದು ಕಸಾಯಿಖಾನೆಗೆ ಬಂದ ಹಂದಿಗಳಲ್ಲಿ ರೋಗ ಖಚಿತವಾಯಿತು. ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಾರ್ಥಂಬರ್ಲೆಂಡಿನ ಹೆಡನ್-ಆನ್-ದ-ವಾಲ್ ಎಂಬಲ್ಲಿನ ಹಂದಿ ಸಾಕಣೆ ಕೇಂದ್ರ. ಸರಿಯಾಗಿ ಬೇಯಿಸದ ಮುಸುರೆ ತಿನ್ನಿಸಿದ್ದೇ ಕಾರಣ ಎಂದು ತೀರ್ಮಾನಿಸಲಾಯಿತು. ರೋಗ ಪತ್ತೆಯಾಗುವ ಮೊದಲೇ ಹೆಕ್ಸಮ್ ಮತ್ತು ಲಾಂಗ್‌ಟೌನ್ ಸಂತೆಗಳ ಮೂಲಕ ಸೋಂಕಿನ ಕುರಿಗಳು ದೇಶದ ಮೂಲೆ ಮೂಲೆಗೆ ಹೋಗಿಬಿಟ್ಟಿದ್ದವು. ಸೆಪ್ಟೆಂಬರ್ 30ರ ಕೊನೆಯ ಪ್ರಕರಣದ ಹೊತ್ತಿಗೆ 2,026 ಕಡೆ ರೋಗ ದೃಢಪಟ್ಟಿತ್ತು, 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದಿದ್ದರು. ಅತಿ ಹೆಚ್ಚು ಪೆಟ್ಟು ತಿಂದದ್ದು ಕಂಬ್ರಿಯಾ, ಅಂದರೆ ಲೇಕ್ ಡಿಸ್ಟ್ರಿಕ್ಟ್ ಇರುವ ಜಿಲ್ಲೆ.

ಆಗ ಸ್ಥಳೀಯ ಆಡಳಿತಗಳು ರೋಗದ ಸುಳಿವೇ ಇಲ್ಲದ ಪ್ರದೇಶಗಳಲ್ಲೂ ಕಾಲುದಾರಿಗಳನ್ನು ಸಾರಾಸಗಟಾಗಿ ಮುಚ್ಚಿದವು. ಮುಚ್ಚುವುದಕ್ಕೆ ಒಂದು ದಿನ ಸಾಕಾಯಿತು, ತೆರೆಯುವುದಕ್ಕೆ ತಿಂಗಳುಗಳು ಹಿಡಿದವು. ಸಾರ್ವಜನಿಕ ಖಜಾನೆಗೆ 300 ಕೋಟಿ ಪೌಂಡಿಗೂ ಮೀರಿದ ಹೊರೆ ಬಿದ್ದರೆ, ಖಾಸಗಿಯವರಿಗೆ ಆದ ನಷ್ಟ 500 ಕೋಟಿ ಪೌಂಡಿಗೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಪ್ರವಾಸಿಗರನ್ನೇ ನಂಬಿದ್ದ ಹಳ್ಳಿಗಳ ವಸತಿಗೃಹ, ಅಂಗಡಿ, ಹೋಟೆಲುಗಳದ್ದು. ಈ ಪಾಠ ಕಲಿತ ಮೇಲೆ ಇಂಗ್ಲೆಂಡಿನ ನೀತಿ ಬದಲಾಯಿತು. ಈಗ ದಾರಿ ಮುಚ್ಚುವುದು ಸೋಂಕಿತ ಜಾಗದ ಸುತ್ತಲಿನ 3 ಕಿಲೋಮೀಟರಿನ ರಕ್ಷಣಾ ವಲಯದಲ್ಲಿ, ಅದೂ ಪಶುವೈದ್ಯರು ಅಪಾಯವನ್ನು ಅಂದಾಜು ಮಾಡಿದ ಮೇಲೆ. 2007ರಲ್ಲಿ ಸರ್ರೆಯ ಪರ್ಬ್ರೈಟ್ ಪ್ರಯೋಗಾಲಯಗಳ ಆವರಣದಿಂದ ವೈರಸ್ ಹೊರಬಿದ್ದು 8 ಕಡೆ ರೋಗ ಕಾಣಿಸಿಕೊಂಡಾಗ ದೇಶದ ಉಳಿದ ಬೆಟ್ಟಗಳು ತೆರೆದೇ ಇದ್ದವು.

ಅಂದರೆ, ಸುದ್ದಿ ಬಂದ ಕೂಡಲೇ ಎಲ್ಲ ಮುಚ್ಚಿದೆ ಎಂದುಕೊಳ್ಳುವುದೂ ತಪ್ಪು. ನಮ್ಮೂರಿಂದ ದೂರ ಇದೆ, ನಮಗೇನು ಎನ್ನುವುದೂ ತಪ್ಪು.

ವೈರಸ್ಸಿನ ಗುಣ ತಿಳಿದಿದ್ದರೆ ಅರ್ಧ ಕೆಲಸ ಮುಗಿಯಿತು

ಕಾಲುಬಾಯಿ ರೋಗ ಗೊರಸು ಸೀಳಿರುವ ಪ್ರಾಣಿಗಳದ್ದು: ದನ, ಎಮ್ಮೆ, ಕುರಿ, ಮೇಕೆ, ಹಂದಿ, ಜಿಂಕೆ. ಕುದುರೆಗೆ, ನಾಯಿಗೆ ಬರುವುದಿಲ್ಲ. ಮನುಷ್ಯರಿಗೆ ತಗಲುವುದು ತೀರ ಅಪರೂಪ, ತಗಲಿದರೂ ಲಘುವಾಗಿ ಹೋಗುತ್ತದೆ. ಮಕ್ಕಳಿಗೆ ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಕಾಯಿಲೆ ಬೇರೆಯೇ ವೈರಸ್ಸಿನದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ರೋಗ ಬರದ ನಾಯಿ, ಕುದುರೆ, ಮನುಷ್ಯ, ಎಲ್ಲರೂ ವೈರಸ್ಸನ್ನು ಹೊತ್ತೊಯ್ಯಬಲ್ಲರು. ಸೋಂಕಿತ ಪ್ರಾಣಿಗಳ ಹತ್ತಿರ ಉಸಿರಾಡಿದವರ ಮೂಗಿನಲ್ಲಿ ವೈರಸ್ ಒಂದು ದಿನದವರೆಗೂ ಉಳಿದದ್ದುಂಟು.

ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ. ಲಕ್ಷಣ ಕಾಣುವ ಮೊದಲೇ ಪ್ರಾಣಿ ವೈರಸ್ಸನ್ನು ಹೊರಹಾಕತೊಡಗುತ್ತದೆ. ಜೊಲ್ಲು, ಹಾಲು, ಸೆಗಣಿ, ಗಂಜಲ, ಉಸಿರು ಎಲ್ಲದರಲ್ಲೂ ಅದಿರುತ್ತದೆ. ಹೊರಗೆ ಬಿದ್ದ ಮೇಲೆ ಎಷ್ಟು ದಿನ ಬದುಕುತ್ತದೆ ಎಂಬುದು ಚಳಿ ಮತ್ತು ತೇವದ ಮೇಲೆ ನಿಂತಿದೆ. ಬೇಸಿಗೆಯ ಮಣ್ಣಿನ ಮೇಲೆ 3 ದಿನ ಉಳಿಯುವುದು ಶರತ್ಕಾಲದ ಒದ್ದೆ ಮಣ್ಣಿನಲ್ಲಿ 28 ದಿನ ಉಳಿದೀತು. ಒಣಗಿದ ಸೆಗಣಿಯಲ್ಲಿ ಬೇಸಿಗೆಯಾದರೆ 14 ದಿನ, ಚಳಿಗಾಲದ ಗೊಬ್ಬರದ ಬಗ್ಗಡದಲ್ಲಿ 6 ತಿಂಗಳು. ಬ್ರಿಟನ್ನಿನ ಬೆಟ್ಟಗಳು ವರ್ಷದ ಬಹುಪಾಲು ತಣ್ಣಗೆ, ಒದ್ದೆಯಾಗಿ ಇರುವಂಥವು. ಅದು ವೈರಸ್ಸಿಗೆ ಹಿಡಿಸಿದ ಹವೆ.

ಅದರ ದೌರ್ಬಲ್ಯ ಇರುವುದು ಆಮ್ಲ ಮತ್ತು ಕ್ಷಾರದಲ್ಲಿ. ಪಿಎಚ್ ಮಟ್ಟ 6ಕ್ಕಿಂತ ಕೆಳಗಿಳಿದರೂ 9ಕ್ಕಿಂತ ಮೇಲೇರಿದರೂ ಅದು ಸಾಯುತ್ತದೆ. ಬೂಟು ತೊಳೆಯುವ ವಿಧಾನವೆಲ್ಲ ಇದರ ಮೇಲೆಯೇ ನಿಂತಿದೆ.

ಭಾರತದಿಂದ ಬರುವವರು ಇದನ್ನು ಬಿಡದೆ ಓದಿ

ಭಾರತದಲ್ಲಿ ಕಾಲುಬಾಯಿ ರೋಗ ಬಿಟ್ಟೂಬಿಡದೆ ಇರುವಂಥದ್ದು. 2001ರಲ್ಲಿ ಬ್ರಿಟನ್ನನ್ನು ಕಾಡಿದ ತಳಿಯ ಹೆಸರು ಪ್ಯಾನ್‌ಏಷ್ಯಾ. ಅದು ಮೊದಲು ಗುರುತಾದದ್ದು 1990ರಲ್ಲಿ, ಉತ್ತರ ಭಾರತದಲ್ಲಿ. ಆದ್ದರಿಂದ ಊರಿನ ತೋಟದಲ್ಲಿ, ಪಶ್ಚಿಮಘಟ್ಟದಲ್ಲಿ ತುಳಿದ ಬೂಟನ್ನೇ ಪೆಟ್ಟಿಗೆಗೆ ತುಂಬಿಕೊಂಡು ಬಂದು ಮರುವಾರವೇ ಬೆಟ್ಟ ಹತ್ತುವವರು ಬ್ರಿಟನ್ನಿನಲ್ಲಿ ರೋಗ ಇಲ್ಲದ ಕಾಲದಲ್ಲೂ ಎಚ್ಚರ ವಹಿಸಬೇಕು. ಬೂಟು, ಚಾರಣಕೋಲು, ಟೆಂಟಿನ ತಳ, ಎಲ್ಲವನ್ನೂ ಹೊರಡುವ ಮೊದಲೇ ಮಣ್ಣಿನ ಕಣವೂ ಉಳಿಯದಂತೆ ತೊಳೆದು, ಒಣಗಿಸಿ, ತುಂಬಿಕೊಳ್ಳಿ.

ತಿಂಡಿಯದೂ ಇದೇ ಕತೆ. ಭಾರತದಿಂದ ಗ್ರೇಟ್ ಬ್ರಿಟನ್ನಿಗೆ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪ, ಪೇಡೆಗಳೂ ಆ ಲೆಕ್ಕದಲ್ಲೇ ಬರುತ್ತವೆ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ, ಮಾರ್ಚ್‌ನಲ್ಲಿ ಹಂಗೇರಿ ಮತ್ತು ಸ್ಲೊವಾಕಿಯಾದಲ್ಲಿ ರೋಗ ಕಾಣಿಸಿಕೊಂಡ ಮೇಲೆ, ಅದೇ ಏಪ್ರಿಲ್ 12ರಿಂದ ಯುರೋಪಿಯನ್ ಒಕ್ಕೂಟದಿಂದ ಸ್ವಂತಕ್ಕೆಂದು ಚೀಸ್, ಬೆಣ್ಣೆ, ಮಾಂಸ ತರುವುದನ್ನೂ ನಿಷೇಧಿಸಲಾಯಿತು. ಆಲ್ಪ್ಸ್ ಸುತ್ತಿ ಬರುವವರು ಚೀಲದಲ್ಲಿ ಉಳಿದ ಚೀಸಿನ ತುಂಡನ್ನೂ ಅಲ್ಲಿಯೇ ಮುಗಿಸಿ ಬರಬೇಕು. ಗಂಭೀರ ಪ್ರಕರಣಗಳಲ್ಲಿ ದಂಡ 5,000 ಪೌಂಡಿನವರೆಗೂ ಹೋಗಬಹುದು.

ಹೊರಡುವ ಮೊದಲು: ವಲಯ, ನಕ್ಷೆ, ದಾರಿ

ಮೊದಲು ಸರ್ಕಾರದ ಜಾಲತಾಣದಲ್ಲಿ ಪ್ರಾಣಿ ರೋಗ ವಲಯಗಳ ನಕ್ಷೆ ತೆರೆಯಿರಿ. ಅದನ್ನು ನಡೆಸುವುದು ಪ್ರಾಣಿ ಮತ್ತು ಸಸ್ಯ ಆರೋಗ್ಯ ಸಂಸ್ಥೆ, ಅಂದರೆ ಎಪಿಎಚ್‌ಎ. ಸೋಂಕಿತ ಜಾಗದ ಸುತ್ತ ಕನಿಷ್ಠ 3 ಕಿಲೋಮೀಟರ್ ರಕ್ಷಣಾ ವಲಯ, ಅದರ ಹೊರಗೆ ಕನಿಷ್ಠ 10 ಕಿಲೋಮೀಟರಿನವರೆಗೆ ನಿಗಾ ವಲಯ. ರಕ್ಷಣಾ ವಲಯದೊಳಗೆ ದಾರಿ ತೆರೆದಿದೆ ಎಂದು ಕಂಡರೂ ಹೋಗಬೇಡಿ ಎನ್ನುವುದು ನಮ್ಮ ಸಲಹೆ, ಬ್ರಿಟನ್ನಿನಲ್ಲಿ ಬೆಟ್ಟಗಳಿಗೆ ಬರವಿಲ್ಲ. ನಿಗಾ ವಲಯದಲ್ಲಿ ನಡಿಗೆಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಆದರೂ ಜಾನುವಾರು ಇರುವ ಹೊಲಗಳನ್ನು ತಪ್ಪಿಸಿ ದಾರಿ ಹಾಕಿಕೊಳ್ಳಿ. ನಕ್ಷೆಯನ್ನು ಹಿಂದಿನ ರಾತ್ರಿ ಒಮ್ಮೆ, ಹೊರಡುವ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. ಹೊಸ ಪ್ರಕರಣ ಬಂದ ದಿನವೇ ಹೊಸ ವರ್ತುಲ ಬೀಳುತ್ತದೆ, ವಾರದ ಹಿಂದೆ ತೆಗೆದಿಟ್ಟುಕೊಂಡ ಚಿತ್ರವನ್ನು ನಂಬಿದರೆ ಕೆಟ್ಟಿರಿ.

ಎರಡನೆಯದಾಗಿ ಆ ಜಿಲ್ಲೆಯ ಕೌನ್ಸಿಲ್ ಮತ್ತು ರಾಷ್ಟ್ರೀಯ ಉದ್ಯಾನದ ಜಾಲತಾಣ. ಯಾವ ದಾರಿ ಮುಚ್ಚಿದೆ ಎಂಬ ಪಟ್ಟಿ ಇರುವುದು ಅಲ್ಲಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ನಾಲ್ಕೂ ಕಡೆ ಆಡಳಿತ ಬೇರೆ ಬೇರೆ. ಗಡಿಯ ಹತ್ತಿರ ನಡೆಯುವವರು ಎರಡೂ ಕಡೆಯದನ್ನು ನೋಡಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಬೆಟ್ಟ ಬಯಲಲ್ಲಿ ಓಡಾಡುವ ವಿಶಾಲ ಹಕ್ಕು ಕೊಟ್ಟಿದೆ. ಆದರೆ ಆ ಹಕ್ಕು ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಮಾತ್ರ. ರೋಗದ ಕಾಲದ ನಿರ್ಬಂಧ ಮೀರಿ ಹಕ್ಕಿನ ಮಾತಾಡಿದರೆ ಅದು ನಿಲ್ಲುವುದಿಲ್ಲ.

ಮೂರನೆಯದು ಕಾಗದದ ನಕ್ಷೆ. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:50,000 ಪ್ರಮಾಣದ ಲ್ಯಾಂಡ್‌ರೇಂಜರ್ ಈ ಕೆಲಸಕ್ಕೆ ಸಾಲದು, ಅದರಲ್ಲಿ ಹೊಲಗಳ ಗಡಿ ಕಾಣುವುದಿಲ್ಲ. 1:25,000ದ ಎಕ್ಸ್‌ಪ್ಲೋರರ್ ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಕಲ್ಲುಗೋಡೆ, ಬೇಲಿ ತೆಳುವಾದ ಕಪ್ಪು ಗೆರೆಯಾಗಿ ಕಾಣುತ್ತದೆ. ಕಣಿವೆಯ ತಳದ ಚಿಕ್ಕ ಚಿಕ್ಕ ಹೊಲಗಳ ಗೆರೆಗಳು ಎಲ್ಲಿ ಮುಗಿದು ಖಾಲಿ ಬೆಟ್ಟ ಶುರುವಾಗುತ್ತದೆ ಎಂಬುದನ್ನು ಬೆರಳಿಟ್ಟು ಗುರುತಿಸಿ. ಆ ಕೊನೆಯ ಗೋಡೆಯ ಕೆಳಗಿನದು ಅಪಾಯದ ಜಾಗ: ದನ ಕುರಿ ಒತ್ತೊತ್ತಾಗಿರುತ್ತವೆ, ಸೆಗಣಿ ದಟ್ಟವಾಗಿರುತ್ತದೆ, ಗೇಟಿನ ಬಳಿ ಕೆಸರು ಗೊರಸಿಂದ ತುಳಿದು ತುಳಿದು ಅಂಬಲಿಯಾಗಿರುತ್ತದೆ. ಮೇಲಿನದು ವಿಶಾಲ, ಕುರಿ ಚದುರಿರುತ್ತವೆ, ಬಂಡೆಯೂ ಹೆಚ್ಚು. ಒಳ್ಳೆಯ ದಾರಿ ಎಂದರೆ ಗೋಡೆಯ ಕೆಳಗೆ ಕಡಿಮೆ ದೂರ, ಕಡಿಮೆ ಗೇಟು, ಅಂಗಳ ದಾಟುವುದು ಸೊನ್ನೆ. ಡಾಂಬರು ರಸ್ತೆ ಎತ್ತರದ ಕಣಿವೆಮಾರ್ಗದವರೆಗೆ ಹೋಗುವ ಕಡೆ ಅಲ್ಲಿಂದಲೇ ನಡಿಗೆ ಶುರುಮಾಡಿದರೆ ಹೊಲಗಳ ಗೊಡವೆಯೇ ಇಲ್ಲ. ನೆಡುತೋಪಿನ ದಾರಿ, ಕಾಲುವೆಯ ದಂಡೆ, ಸಮುದ್ರತೀರ ಇವೂ ಚೆನ್ನ.

ಮಾರ್ಚ್‌ನಿಂದ ಮೇವರೆಗೆ ಕುರಿ ಮರಿಹಾಕುವ ಕಾಲ. ಬೆಟ್ಟದ ಕುರಿಗಳನ್ನೆಲ್ಲ ಆಗ ಕೆಳಗಿನ ಹೊಲಗಳಿಗೆ ಇಳಿಸಿರುತ್ತಾರೆ. ಮೇಲೆ ಖಾಲಿ, ಕೆಳಗೆ ಕಿಕ್ಕಿರಿದ ಮಂದೆ. ಆ ತಿಂಗಳುಗಳಲ್ಲಿ ಈಗ ಹೇಳಿದ ದಾರಿಯ ಲೆಕ್ಕ ಇನ್ನಷ್ಟು ಕಟ್ಟುನಿಟ್ಟಾಗಬೇಕು.

ಇನ್ನು ದಿನಕ್ಕೆ ಒಂದೇ ಕಣಿವೆ. ಬೆಳಿಗ್ಗೆ ಒಂದು ಬೆಟ್ಟ, ಮಧ್ಯಾಹ್ನ ಮೂವತ್ತು ಮೈಲಿ ಆಚೆ ಇನ್ನೊಂದು ಎಂಬ ಲೆಕ್ಕಾಚಾರ ಈ ಕಾಲದಲ್ಲಿ ಬೇಡ. ನಡುವೆ ಬೂಟು ಸರಿಯಾಗಿ ತೊಳೆಯಲು ಸಮಯವೂ ಇರುವುದಿಲ್ಲ, ನೀರೂ ಇರುವುದಿಲ್ಲ. ಮತ್ತು ಕಳೆದ 7 ದಿನಗಳಲ್ಲಿ ದನ ಕುರಿ ಮುಟ್ಟಿದ್ದರೆ, ಕೊಟ್ಟಿಗೆಯೊಳಗೆ ಹೋಗಿದ್ದರೆ ಬೆಟ್ಟದ ಯೋಚನೆಯನ್ನೇ ಮುಂದಕ್ಕೆ ಹಾಕಿ. 2001ರಲ್ಲಿ ಸ್ಕಾಟ್ಲೆಂಡ್ ಚಾರಣಿಗರಿಗಾಗಿ ಹೊರಡಿಸಿದ ನಿಯಮಾವಳಿಯಲ್ಲೂ ಈ 7 ದಿನದ ಅಂತರ ಇತ್ತು.

ಏನು ಒಯ್ಯಬೇಕು

ಬೂಟಿನ ಅಟ್ಟೆ ನೋಡಿ. ಆಳವಾದ, ಇಕ್ಕಟ್ಟಾದ ಸಂದುಗಳಿರುವ ಅಟ್ಟೆ ಹಿಡಿತಕ್ಕೆ ಚೆನ್ನ, ತೊಳೆಯುವುದಕ್ಕೆ ಶಾಪ. ಎರಡು ಜೊತೆ ಇದ್ದರೆ ಸಂದು ಅಗಲವಿರುವುದನ್ನು ಆರಿಸಿ. ಹರಿದು ನೂಲೆದ್ದ ಹಳೆಯ ಬೂಟು ಬೇಡ, ಹೊಲಿಗೆಯ ಸಂದಿನಲ್ಲಿ ಕೂತ ಕೆಸರು ಬರುವುದೇ ಇಲ್ಲ. ಬೂಟಿನ ಮೇಲಿಂದ ಮೊಳಕಾಲಿನವರೆಗೆ ಕಟ್ಟುವ ಗವಸು, ಅಂದರೆ ಗೇಯ್ಟರ್, ಹಾಕಿಕೊಂಡರೆ ಪ್ಯಾಂಟಿಗೆ ಸೆಗಣಿ ಸಿಡಿಯುವುದು ತಪ್ಪುತ್ತದೆ. ಗೇಯ್ಟರನ್ನು ಬಿಚ್ಚಿ ಬಕೆಟ್ಟಿಗೆ ಹಾಕಬಹುದು, ಪ್ಯಾಂಟನ್ನು ಕಾರು ನಿಲ್ಲಿಸುವ ಜಾಗದಲ್ಲಿ ಹಾಕಲಾಗದು.

ಕಾರಿನಲ್ಲಿ ಇರಬೇಕಾದ್ದು: ಗಡುಸಾದ ಬ್ರಷ್, ಸಂದು ಕೆರೆಯಲು ಹಳೆಯ ಸ್ಕ್ರೂಡ್ರೈವರ್, 10 ಲೀಟರ್ ನೀರಿನ ಕ್ಯಾನ್, ಪಾತ್ರೆ ತೊಳೆಯುವ ದ್ರವ, ಎರಡು ಬಕೆಟ್, ಬೂಟು ನಿಲ್ಲುವಷ್ಟು ಅಗಲದ ಟ್ರೇ, ದಪ್ಪ ಪ್ಲಾಸ್ಟಿಕ್ ಚೀಲಗಳು, ರಬ್ಬರ್ ಕೈಗವಸು, ಬದಲಿಸಲು ಬೇರೆ ಚಪ್ಪಲಿ. ಕೊನೆಯದನ್ನೇ ಜನ ಮರೆಯುವುದು. ಬೇರೆ ಚಪ್ಪಲಿ ಇಲ್ಲದಿದ್ದರೆ ಕೆಸರು ಬೂಟಿನಲ್ಲೇ ಕಾರು ಹತ್ತುತ್ತೀರಿ, ಅಲ್ಲಿಗೆ ಪೆಡಲು, ಕಾರಿನ ಮ್ಯಾಟು ಎಲ್ಲಕ್ಕೂ ಮಣ್ಣು ಹತ್ತಿತು.

ನಾಯಿಯನ್ನು ಮನೆಯಲ್ಲೇ ಬಿಡಿ. ಅದು ಸೆಗಣಿಯಲ್ಲಿ ಹೊರಳುತ್ತದೆ, ಬೇಲಿ ನುಸುಳುತ್ತದೆ, ಅದರ ಪಾದವನ್ನು ನಿಮ್ಮ ಬೂಟಿನಂತೆ ತೊಳೆಯಲು ಬರುವುದಿಲ್ಲ. ಟೆಂಟ್ ಹಾಕಿ ಬಯಲಲ್ಲಿ ಮಲಗುವುದೂ ಈಗ ಬೇಡ. ಟೆಂಟಿನ ತಳ ರಾತ್ರಿಯಿಡೀ ಕುರಿಯ ಹಿಕ್ಕೆಯ ಮೇಲೆಯೇ ಒತ್ತಿಕೊಂಡಿರುತ್ತದೆ.

ಗುಂಪಿನಲ್ಲಿ ಹೋಗುವುದಾದರೆ ಆದಷ್ಟು ಕಡಿಮೆ ಕಾರು. ನಿಲ್ಲಿಸುವುದು ಡಾಂಬರಿನ ಮೇಲೆ, ಹುಲ್ಲಿನ ಅಂಚಿನಲ್ಲಿ ಅಲ್ಲ, ಗೇಟಿನ ಮುಂದೆ ಖಂಡಿತ ಅಲ್ಲ. ರೋಗದ ಕಾಲದಲ್ಲಿ ಆ ಗೇಟಿಂದ ಪಶುವೈದ್ಯರ ಗಾಡಿ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು.

ಬೂಟು ತೊಳೆಯುವುದು: ಎಲ್ಲರೂ ಎಡವುವ ಜಾಗ

ಸೋಂಕುನಿವಾರಕ ಕೆಸರನ್ನು ತೂರಿಕೊಂಡು ಒಳಗೆ ಹೋಗುವುದಿಲ್ಲ. ಸೆಗಣಿ ಮಣ್ಣು ತಾಗಿದ ಕೂಡಲೇ ಅದರ ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ, ಒಳಪದರದ ವೈರಸ್ ಕ್ಷೇಮವಾಗಿರುತ್ತದೆ. ಕೆಸರು ಬೂಟನ್ನು ಔಷಧಿಯ ಟ್ರೇನಲ್ಲಿ ಅದ್ದಿ ತೆಗೆದು ಕೆಲಸ ಮುಗಿಯಿತು ಎಂದುಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಮೊದಲು ಕೊಳೆ ತೆಗೆಯುವುದು, ಆಮೇಲೆ ಔಷಧಿ. ಈ ಕ್ರಮ ತಪ್ಪಬಾರದು.

1. ಹೊಲದಿಂದ ಹೊರಬೀಳುವ ಗೇಟಿನ ಒಳಬದಿಯಲ್ಲೇ ನಿಂತು ದೊಡ್ಡ ಮುದ್ದೆಗಳನ್ನು ಕಲ್ಲಿಗೋ ಹುಲ್ಲಿಗೋ ಉಜ್ಜಿ ತೆಗೆಯಿರಿ. ಆ ಹೊಲದ ಸೆಗಣಿ ಆ ಹೊಲದಲ್ಲೇ ಉಳಿಯಲಿ.

2. ಕಾರಿನ ಹತ್ತಿರ ಬಂದ ಮೇಲೆ ಲೇಸು ಬಿಚ್ಚಿ, ಬೂಟು ಕಳಚಿ, ಚಪ್ಪಲಿಗೆ ಬದಲಿಸಿ. ಸ್ಕ್ರೂಡ್ರೈವರಿನಿಂದ ಅಟ್ಟೆಯ ಪ್ರತಿ ಸಂದನ್ನೂ ಕೆರೆಯಿರಿ. ಹಿಮ್ಮಡಿ ಮತ್ತು ಅಟ್ಟೆ ಕೂಡುವ ಮೂಲೆಯಲ್ಲಿ ಯಾವಾಗಲೂ ಒಂದಿಷ್ಟು ಉಳಿದಿರುತ್ತದೆ.

3. ಮೊದಲ ಬಕೆಟ್ಟಿನಲ್ಲಿ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ, ಬ್ರಷ್‌ನಿಂದ ಉಜ್ಜಿ. ನಾಲಿಗೆಯ ಮಡಿಕೆ, ಲೇಸಿನ ತೂತು, ಚಾರಣಕೋಲಿನ ಮೊನೆ ಮತ್ತು ಬುಟ್ಟಿ ಬಿಡಬೇಡಿ.

4. ಎರಡನೆಯ ಬಕೆಟ್ಟಿನ ಶುದ್ಧ ನೀರಿನಲ್ಲಿ ಜಾಲಿಸಿ. ಸಾಬೂನು ಉಳಿದರೆ ಮುಂದಿನ ದ್ರಾವಣದ ಕೆಲಸ ಕೆಡುತ್ತದೆ.

5. ಟ್ರೇನಲ್ಲಿ ಸೋಂಕುನಿವಾರಕ ಹಾಕಿ ಬೂಟು ನಿಲ್ಲಿಸಿ. ಮೇಲ್ಭಾಗಕ್ಕೆ ಅದೇ ದ್ರಾವಣದ ಬಟ್ಟೆ ಸುತ್ತಿ ಒದ್ದೆಯಾಗಿಯೇ ಇರಿಸಿ. ಹೇಳಿದಷ್ಟು ಹೊತ್ತು ಪೂರ್ತಿ ತೇವವಾಗಿರಬೇಕು, ಬರಿದೆ ಸಿಂಪಡಿಸಿ ಒಣಗಲು ಬಿಟ್ಟರೆ ಉಪಯೋಗವಿಲ್ಲ.

ದ್ರಾವಣ ಯಾವುದು? ಎರಡು ಅಗ್ಗದ ವಸ್ತುಗಳು ಸಾಕು. ಒಂದು, ಸಿಟ್ರಿಕ್ ಆಮ್ಲ: ಲೀಟರ್ ನೀರಿಗೆ 2 ಗ್ರಾಂ, ಅಂದರೆ ಶೇ 0.2, ಅರ್ಧ ಗಂಟೆ. ಚರ್ಮದ ಬೂಟಿಗೂ ಬಟ್ಟೆಗೂ ಇದೇ ಸೌಮ್ಯ. ಎರಡು, ವಾಶಿಂಗ್ ಸೋಡಾ: ಶೇ 4, ಹತ್ತು ನಿಮಿಷ. ಇಲ್ಲೊಂದು ಲೆಕ್ಕದ ತೊಡಕಿದೆ. ನೀರಿನಂಶವಿಲ್ಲದ ಪುಡಿಯಾದರೆ ಲೀಟರಿಗೆ 40 ಗ್ರಾಂ. ಆದರೆ ಅಂಗಡಿಯಲ್ಲಿ ಸಿಗುವ ಹರಳು ಸೋಡಾದಲ್ಲಿ ತೂಕದ ಮೂರರಲ್ಲಿ ಎರಡು ಪಾಲಿನ ಹತ್ತಿರ ಹತ್ತಿರ ಬರೀ ನೀರೇ ಇರುತ್ತದೆ, ಹಾಗಾಗಿ ಅದನ್ನು ಲೀಟರಿಗೆ 100ರಿಂದ 110 ಗ್ರಾಂ ಹಾಕಬೇಕು. ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ರಬ್ಬರ್ ಬೂಟು, ಕಾರಿನ ಮ್ಯಾಟು, ಚಕ್ರಗಳಿಗೆ ಸೋಡಾ ಒಳ್ಳೆಯದು. ಅಲ್ಯುಮಿನಿಯಂ ಕೋಲಿಗೆ ಮುಟ್ಟಿಸಬೇಡಿ, ಲೋಹ ತಿನ್ನುತ್ತದೆ. ಕೈಗವಸು ಬೇಕೇಬೇಕು.

ಎರಡನ್ನೂ ಬೆರೆಸಿದರೆ ದುಪ್ಪಟ್ಟು ಕೆಲಸವಾದೀತೆಂದು ಕೆಲವರು ಮಾಡುವುದುಂಟು. ಒಂದು ಆಮ್ಲ, ಇನ್ನೊಂದು ಕ್ಷಾರ. ನೊರೆ ಉಕ್ಕಿ ಒಂದನ್ನೊಂದು ಕೊಂದುಕೊಳ್ಳುತ್ತವೆ, ವೈರಸ್ ಉಳಿಯುತ್ತದೆ. ಸಿಟ್ರಿಕ್ ಆಮ್ಲಕ್ಕೆ ಬ್ಲೀಚ್ ಬೆರೆಸುವುದಂತೂ ಜೀವಕ್ಕೇ ಅಪಾಯ, ಕ್ಲೋರಿನ್ ಅನಿಲ ಏಳುತ್ತದೆ. ಫಿನಾಯಿಲ್ ಜಾತಿಯವು, ನೆಲ ಒರೆಸುವ ಸುಗಂಧದ ದ್ರವಗಳು ಈ ವೈರಸ್ಸಿಗೆ ನಾಟುವುದಿಲ್ಲ. ಹೊರಪೊರೆ ಇಲ್ಲದ ವೈರಸ್ ಆದ್ದರಿಂದ ಕೈಗೆ ಹಚ್ಚುವ ಸ್ಯಾನಿಟೈಸರನ್ನೂ ನಂಬಬೇಡಿ, ಸಾಬೂನು ಹಚ್ಚಿ ಕೈ ತೊಳೆಯಿರಿ. ವರ್ಕಾನ್ ಎಸ್‌ನಂಥ ತಯಾರಾದ ಪುಡಿ ಕೊಳ್ಳುವುದಾದರೆ ಡಿಫ್ರಾ, ಅಂದರೆ ಸರ್ಕಾರದ ಪರಿಸರ, ಆಹಾರ ಮತ್ತು ಗ್ರಾಮೀಣ ವ್ಯವಹಾರಗಳ ಇಲಾಖೆ, ಅನುಮೋದಿಸಿದ ಪಟ್ಟಿಯಲ್ಲಿ ಕಾಲುಬಾಯಿ ರೋಗದ ಕೆಳಗೆ ಕೊಟ್ಟಿರುವ ಪ್ರಮಾಣ ನೋಡಿ. ಅದೇ ಪುಡಿಗೆ ಹಕ್ಕಿಜ್ವರದ ಪ್ರಮಾಣ ಬೇರೆ ಇರುತ್ತದೆ.

ಉಳಿದ ದ್ರಾವಣವನ್ನು ತೊರೆಗೆ, ರಸ್ತೆಯ ಚರಂಡಿಗೆ ಸುರಿಯಬೇಡಿ. ಬೆಟ್ಟದ ತೊರೆಗಳ ಮೀನು, ಹುಳುಗಳಿಗೆ ಅದು ವಿಷ. ಕ್ಯಾನಿಗೆ ತುಂಬಿ ಮನೆಗೆ ತಂದು ಶೌಚಾಲಯಕ್ಕೆ ಹಾಕಿ.

ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ತಂದು, ಬಟ್ಟೆಯ ಪಟ್ಟಿ ಒಪ್ಪುವ ಅತಿ ಹೆಚ್ಚು ಬಿಸಿಯಲ್ಲಿ ತೊಳೆದು, ಪೂರ್ತಿ ಒಣಗಿಸಿ. ಕಾರಿನ ಚಕ್ರ ಮತ್ತು ಅದರ ಮೇಲಿನ ಕಮಾನಿನ ಒಳಗಿನ ಕೆಸರನ್ನು ಅದೇ ದಿನ ತೊಳೆಯಬೇಕು, ಒಣಗಿದ ಮೇಲೆ ಅದು ಮುಂದಿನ ಪ್ರಯಾಣದಲ್ಲಿ ಹೆಂಟೆ ಹೆಂಟೆಯಾಗಿ ಉದುರುತ್ತಾ ಹೋಗುತ್ತದೆ.

ಕೆಲವು ಗೇಟುಗಳ ಬಳಿ ಔಷಧಿಯಲ್ಲಿ ನೆನೆಸಿದ ಮ್ಯಾಟೋ ಟ್ರೇಯೋ ಇಟ್ಟಿರುತ್ತಾರೆ. ತಪ್ಪದೆ ಬಳಸಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ನಾಲ್ಕು ಜನ ಕೆಸರುಗಾಲಲ್ಲಿ ದಾಟಿದ ಮೇಲೆ, ಒಂದು ಮಳೆ ಬಿದ್ದ ಮೇಲೆ, ಅದರಲ್ಲಿ ಉಳಿಯುವುದು ಬಣ್ಣದ ನೀರು.

ಬೆಟ್ಟದ ಮೇಲೆ

ಗೇಟು ಹೇಗಿತ್ತೋ ಹಾಗೆಯೇ ಬಿಡಿ, ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ. ಬೇಲಿ ದಾಟಲು ತಡಮೆ ಇದ್ದರೆ ಗೇಟಿನ ಗೊಡವೆಗೆ ಹೋಗಬೇಡಿ, ಗೇಟಿನ ಬಾಯಲ್ಲಿ ಇರುವಷ್ಟು ಕೆಸರು ತಡಮೆಯ ಕೆಳಗೆ ಇರುವುದಿಲ್ಲ. ಕಲ್ಲುಗೋಡೆ ಹತ್ತಿ ಇಳಿಯಬೇಡಿ. ಒಂದು ಕಲ್ಲು ಜಾರಿದರೆ ಸಾಕು, ನಾಳೆ ಅಲ್ಲಿಂದ ಕುರಿ ಪಕ್ಕದ ಮಂದೆಗೆ ಸೇರುತ್ತದೆ. ಸಾಮಾನ್ಯ ಕಾಲದಲ್ಲಿ ಅದು ತಲೆನೋವು, ಈ ಕಾಲದಲ್ಲಿ ಎರಡು ಮಂದೆಗಳ ಸಾವು.

ದಾರಿಗೆ ಅಡ್ಡ ಕುರಿಗಳಿದ್ದರೆ ಓಡಿಸಬೇಡಿ, ಸುತ್ತುಬಳಸಿ ಹೋಗಿ. ಇದಕ್ಕೆ ಬರಿ ಸೌಜನ್ಯವಲ್ಲದೆ ಇನ್ನೊಂದು ಕಾರಣವಿದೆ. ಲೇಕ್ ಡಿಸ್ಟ್ರಿಕ್ಟಿನ ಹರ್ಡ್‌ವಿಕ್ ಕುರಿಗಳು ಬೇಲಿಯಿಲ್ಲದ ಬೆಟ್ಟದಲ್ಲೂ ತಮ್ಮ ತಮ್ಮ ಮೇವಿನ ಎಲ್ಲೆ ಮೀರುವುದಿಲ್ಲ. ತಾಯಿಯಿಂದ ಮರಿಗೆ ತಲೆಮಾರುಗಳಿಂದ ಬಂದ ಅರಿವು ಅದು. ಹೆದರಿ ಓಡಿದ ಕುರಿ ನೆರೆಯ ಎಲ್ಲೆಗೆ ನುಗ್ಗಿ ಅಲ್ಲಿನ ಮಂದೆಯೊಂದಿಗೆ ಮೂಗು ತಾಗಿಸುತ್ತದೆ. 2001ರಲ್ಲಿ ಇಡೀ ಮಂದೆಗಳೇ ಹೋದ ಕಡೆ, ಹೊಸ ಕುರಿ ಕೊಂಡು ತಂದವರು ಅವಕ್ಕೆ ಎಲ್ಲೆ ಕಲಿಸಲು ಬಹಳ ಪಾಡುಪಟ್ಟರು. ಪರಿಹಾರದ ಹಣದಿಂದ ಆ ಅರಿವನ್ನು ಕೊಳ್ಳಲಾಗದು.

ಊಟದ ಚೂರು, ಬ್ರೆಡ್ಡಿನ ತುದಿ, ಏನೂ ಬಿಡಬೇಡಿ. ಮಾಂಸ, ಚೀಸಿನ ತುಣುಕನ್ನು ಕಾಗೆ, ನರಿಗಳು ಹೊತ್ತೊಯ್ದು ಎಲ್ಲೋ ಹಾಕುತ್ತವೆ. 2001ರದ್ದು ಶುರುವಾದದ್ದೇ ತಿನ್ನುವ ಪದಾರ್ಥದಿಂದ ಎಂಬುದು ನೆನಪಿರಲಿ. ದನಗಳ ನೀರಿನ ತೊಟ್ಟಿಯಲ್ಲಿ ಬೂಟು ತೊಳೆಯುವವರೂ ಇದ್ದಾರೆ. ಅದಕ್ಕಿಂತ ಕೆಟ್ಟ ಜಾಗ ಇಡೀ ಬೆಟ್ಟದಲ್ಲಿ ಸಿಗಲಾರದು.

ದಾರಿ ಮುಚ್ಚಿದೆ ಎಂಬ ಫಲಕ ಕಂಡರೆ ಓದಿ. ಆಡಳಿತದ ಹೆಸರು, ಕಾನೂನಿನ ಉಲ್ಲೇಖ, ದಿನಾಂಕ ಇದ್ದರೆ ಅದು ಅಧಿಕೃತ, ದಾಟಿದರೆ ಅಪರಾಧ. 2001ರಲ್ಲಿ ಇದಕ್ಕೆ 5,000 ಪೌಂಡಿನವರೆಗೆ ದಂಡವಿತ್ತು. ಬರಿಯ ಕೈಬರಹದ ಹಲಗೆಯಾದರೆ ಸಾರ್ವಜನಿಕ ದಾರಿಯನ್ನು ಮುಚ್ಚುವ ಬಲ ಅದಕ್ಕಿಲ್ಲ. ಆದರೂ ಹಿಂದಿರುಗಿ, ಮನೆಗೆ ಬಂದ ಮೇಲೆ ಕೌನ್ಸಿಲ್‌ಗೆ ತಿಳಿಸಿ. ರಾತ್ರಿಯಿಡೀ ನಿದ್ದೆಗೆಟ್ಟು ಮಂದೆ ಕಾಯುತ್ತಿರುವವರ ಎದುರು ನಿಂತು ಕಾನೂನು ಬಿಚ್ಚುವುದರಿಂದ ಯಾರಿಗೂ ಒಳಿತಾಗುವುದಿಲ್ಲ. ಒಂದೇ ವಿನಾಯಿತಿ ಜೀವದ ಪ್ರಶ್ನೆ. ಕಾಲು ಮುರಿದಿದೆ, ಮಂಜು ಕವಿದಿದೆ, ಹತ್ತಿರದ ಇಳಿಜಾರು ಮುಚ್ಚಿದ ಹೊಲದಲ್ಲಿದೆ ಎಂದಾದರೆ 999ಕ್ಕೆ ಕರೆಮಾಡಿ ಪೊಲೀಸರ ಮೂಲಕ ಬೆಟ್ಟದ ರಕ್ಷಣಾ ತಂಡವನ್ನು ಕರೆಸಿ, ಇಳಿಯಿರಿ, ಎಲ್ಲಿ ಹಾದು ಬಂದಿರೆಂದು ಆಮೇಲೆ ತಿಳಿಸಿ.

ಪ್ರಾಣಿ ಸರಿಯಿಲ್ಲ ಎನಿಸಿದರೆ

ದನಕ್ಕೆ ಬಂದರೆ ಮುಚ್ಚಿಡಲಾಗದು: ದಾರ ದಾರವಾಗಿ ಜೊಲ್ಲು, ತುಟಿ ಚಪ್ಪರಿಸುವ ಸದ್ದು, ಕಾಲು ಝಾಡಿಸುವುದು, ನಾಲಿಗೆಯ ಮೇಲೆ, ಗೊರಸಿನ ಸಂದಿನಲ್ಲಿ, ಕೆಚ್ಚಲಿನ ಮೇಲೆ ಗುಳ್ಳೆ. ಹಂದಿಯಲ್ಲಿ ಕುಂಟು, ಮೂತಿಯ ಮೇಲೆ ಗುಳ್ಳೆ. ಕುರಿಯಲ್ಲಿ ಮಾತ್ರ ಲಕ್ಷಣ ಬಹಳ ಮಂದ, 2001ರಲ್ಲಿ ಅದು ಗುಟ್ಟಾಗಿ ಹರಡಿದ್ದಕ್ಕೆ ಇದೇ ಕಾರಣ. ಒಂದು ಕುರಿ ಕುಂಟಿದರೆ ಅದು ಬಹುಮಟ್ಟಿಗೆ ಗೊರಸು ಕೊಳೆತವೇ ಇರುತ್ತದೆ, ಬ್ರಿಟನ್ನಿನ ಒದ್ದೆ ಹುಲ್ಲಿನಲ್ಲಿ ಅದು ನಿತ್ಯದ ಕಾಟ. ಆದರೆ ನಿನ್ನೆಯವರೆಗೆ ಚೆನ್ನಾಗಿದ್ದ ಮಂದೆಯಲ್ಲಿ ಹಲವು ಕುರಿಗಳು ಒಮ್ಮೆಗೇ ಕುಂಟಿದರೆ, ಹತ್ತಿರ ಹೋದರೂ ಏಳದೆ ಮಲಗೇ ಇದ್ದರೆ, ಮರಿಗಳು ದಿಢೀರನೆ ಸತ್ತು ಬಿದ್ದಿದ್ದರೆ ತಿಳಿಸಬೇಕಾದ ಸಂಗತಿ.

ಹತ್ತಿರ ಹೋಗಿ ಬಾಯಿ ಬಿಡಿಸಿ ನೋಡುವ ಸಾಹಸ ಬೇಡ. ದೂರದಿಂದಲೇ ಫೋಟೊ ತೆಗೆದು, ನಕ್ಷೆಯ ಗ್ರಿಡ್ ಸಂಖ್ಯೆ, ಸಮಯ, ಎಷ್ಟು ಪ್ರಾಣಿ, ಮೈಮೇಲಿನ ಬಣ್ಣದ ಗುರುತು ಬರೆದುಕೊಳ್ಳಿ. ಆ ಬಣ್ಣವೇ ಕುರಿ ಯಾರದೆಂದು ಹೇಳುವುದು. ಇಂಗ್ಲೆಂಡಿನಲ್ಲಿ ಡಿಫ್ರಾದ ಗ್ರಾಮೀಣ ಸೇವೆಗಳ ಸಹಾಯವಾಣಿ 03000 200 301ಕ್ಕೆ ಕರೆಮಾಡಿ. ಇನ್ನೊಂದು ಕೊಟ್ಟಿಗೆಗೆ ನಡೆದುಹೋಗಿ ಸುದ್ದಿ ಹೇಳಬೇಡಿ, ಒಳ್ಳೆಯ ಮನಸ್ಸಿನಿಂದಲೇ ರೋಗವನ್ನು ಅಲ್ಲಿಗೆ ಒಯ್ದಂತಾಗುತ್ತದೆ. ನಡಿಗೆ ಅಲ್ಲಿಗೇ ನಿಲ್ಲಿಸಿ, ಬಂದ ದಾರಿಯಲ್ಲೇ ಇಳಿದು, ಬೂಟು ಬಟ್ಟೆಗಳನ್ನೆಲ್ಲ ತೊಳೆದು, 7 ದಿನ ಯಾವ ಜಾನುವಾರಿನ ಬಳಿಯೂ ಸುಳಿಯಬೇಡಿ.

ಬೇರೆ ರೋಗ, ಬೇರೆ ಎಚ್ಚರ

ಸುದ್ದಿಯಲ್ಲಿ ಪ್ರಾಣಿ ರೋಗ ಎಂದು ಬಂದದ್ದೆಲ್ಲ ಕಾಲುಬಾಯಿ ರೋಗವಲ್ಲ. ನೀಲಿನಾಲಿಗೆ ರೋಗ ಹರಡುವುದು ಸಣ್ಣ ಕಚ್ಚುನೊಣಗಳಿಂದ, ನಿಮ್ಮ ಬೂಟಿನಿಂದಲ್ಲ. ಅದರ ವಲಯದಲ್ಲಿ ಚಾರಣಕ್ಕೆ ಅಡ್ಡಿಯಿಲ್ಲ. ಹಕ್ಕಿಜ್ವರದ ಕಾಲದಲ್ಲಿ ಸತ್ತ ಹಕ್ಕಿಯನ್ನು ಮುಟ್ಟಬಾರದು, ಕೋಳಿ ಸಾಕಣೆಯ ಸುತ್ತ ಸುಳಿಯಬಾರದು. ಆಫ್ರಿಕನ್ ಹಂದಿಜ್ವರ ಬ್ರಿಟನ್ನಿಗೆ ಈವರೆಗೆ ಬಂದಿಲ್ಲ. ಆದರೆ ಯುರೋಪಿನ ಕಾಡುಹಂದಿಗಳಲ್ಲಿದೆ, 2018ರಲ್ಲಿ ಬೆಲ್ಜಿಯಂನಲ್ಲಿ ಅದಕ್ಕಾಗಿ ಕಾಡಿಗೆ ಕಾಡನ್ನೇ ಮುಚ್ಚಿದ್ದರು. ಅಂಥ ಕಡೆ ನಡೆದು ಬಂದವರು ಬೂಟನ್ನು ಮೇಲೆ ಹೇಳಿದಂತೆಯೇ ಉಜ್ಜಿ ತೊಳೆಯಬೇಕು, ಔಷಧಿಯನ್ನು ಮಾತ್ರ ಆ ರೋಗಕ್ಕೆ ಅನುಮೋದಿಸಿದ್ದನ್ನೇ ಬಳಸಬೇಕು. ಹಂದಿಮಾಂಸದ ತಿನಿಸು ತರಲೇಬಾರದು.

ವಲಯ ತೆರವಾದ ಮೇಲೆ

ಸೋಂಕಿತ ಜಾಗದ ಮೊದಲ ಸುತ್ತಿನ ಶುದ್ಧೀಕರಣ ಮುಗಿದು ಕನಿಷ್ಠ 15 ದಿನದ ಬಳಿಕ ರಕ್ಷಣಾ ವಲಯವನ್ನು ನಿಗಾ ವಲಯದೊಳಗೆ ಸೇರಿಸುತ್ತಾರೆ, ಕನಿಷ್ಠ 30 ದಿನದ ಬಳಿಕ ನಿಗಾ ವಲಯವನ್ನೂ ತೆಗೆಯುತ್ತಾರೆ. ಎಲ್ಲ ಪರೀಕ್ಷೆಗಳೂ ಸರಿಬಂದರೆ ಮಾತ್ರ. ರೋಗ ಬಂದ ಕೊಟ್ಟಿಗೆಯ ಸುತ್ತ ನಿರ್ಬಂಧ ಅದಕ್ಕೂ ಆಚೆ ಮುಂದುವರಿಯಬಹುದು, ಆದ್ದರಿಂದ ವರ್ತುಲ ಮಾಯವಾಯಿತೆಂದು ಹಳೆಯ ದಾರಿಗೆ ನುಗ್ಗದೆ ಕೌನ್ಸಿಲ್ಲಿನ ಪಟ್ಟಿಯಲ್ಲಿ ಆ ದಾರಿಯ ಹೆಸರು ಹೋಗಿದೆಯೇ ನೋಡಿ. ಚಳಿಗಾಲದಲ್ಲಿ ತೆರವಾದರೆ, ಹೊಲಗಳಿಗೆ ಗೊಬ್ಬರದ ಬಗ್ಗಡ ಹರಡುವ ತಿಂಗಳುಗಳು ಕಳೆಯುವವರೆಗೆ ಬ್ರಷ್, ಬಕೆಟ್, ಸಿಟ್ರಿಕ್ ಆಮ್ಲ ಕಾರಿನಲ್ಲೇ ಇರಲಿ.